ಮುಳ್ಳೂರಿನ ಚನ್ನಾಜಮ್ಮನ ಮದುವೆ ಪದ್ಯ

ಮದುವೆ ಪದ್ಯ ಬರೆಯುವುದು ಅಂದರೆ ಸಿದ್ದಮಲ್ಲಪ್ಪನಿಗೆ ವಾಕರಿಕೆ. ಹೊಟ್ಟೆಪಾಡಿಗೆ ಮಾಡುತ್ತಿದ್ದದ್ದೂ ಅದೇ ಕೆಲಸ. ಕೊಳ್ಳೇಗಾಲ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲ. ಅದರ ಸುತ್ತಮುತ್ತ ಉಳ್ಳವರ ಮನೆ ಮದುವೆ ಅಂದರೆ ಆಗ ಗುಲಾಬಿ ಬಣ್ಣದ ಕಾಗದದಲ್ಲಿ ಹೆಣ್ಣುಗಂಡನ್ನು ಹಾಡಿ ಹೊಗಳಿದ ಪದ್ಯ ಅಚ್ಚು ಹಾಕಿಸಬೇಕು, ತಾಳಿ ಕಟ್ಟಿದ ಮೇಲೆ ಗಂಟಲಿರುವ ಯಾರಿಂದಲಾದರೂ ಓದಿಸಬೇಕು, ಬಂದವರಿಗೆಲ್ಲ ಹಂಚಬೇಕು. ಹಂಚಿದ ಕಾಗದದ ಗತಿಯನ್ನು ಸಿದ್ದಮಲ್ಲಪ್ಪ ಕಣ್ಣಾರೆ ಕಂಡಿದ್ದ. ಎಲೆ ಅಡಿಕೆ ಹಾಕುವವರು ಅದರಲ್ಲಿ ಬೆರಳಿನ ಸುಣ್ಣ ಒರೆಸುತ್ತಿದ್ದರು. ತಾಯಂದಿರು ಕೂಸಿನ ಸಿಂಬಳ ತೆಗೆಯುತ್ತಿದ್ದರು. ಲಾಡು ಕಟ್ಟಿಕೊಂಡು ಹೋಗುವವರೇ ಇದ್ದುದರಲ್ಲಿ ಮರ್ಯಾದಸ್ಥರು.

ಮೊದಲು ಅವನು ಇಸ್ಕೂಲು ಮೇಷ್ಟ್ರು. ಬರೆದೇ ಬದುಕುತ್ತೇನೆ ಅಂತ ಆ ಕೆಲಸ ಬಿಟ್ಟ. ಬದುಕಿದ, ಇಲ್ಲ ಅನ್ನುವ ಹಾಗಿಲ್ಲ. ಹನೂರಿನ ಹುಡುಗರಿಗೆ ನಾಟಕ ಬರೆದುಕೊಟ್ಟರೆ, ಕೀಚಕನ ಪಾರ್ಟು ಹಾಕಿದವನು ತಾನು ಸಾಯುವುದಿಲ್ಲ, ತನ್ನ ಹೆಂಡತಿ ನೋಡುವುದಕ್ಕೆ ಬರುತ್ತಾಳೆ ಅಂತ ಹಟ ಹಿಡಿದು ಕೂತ. ಎಣ್ಣೆ ಗಾಣದವರು ತಮ್ಮ ಕಡಲೆಕಾಯಿ ಎಣ್ಣೆಯ ಮೇಲೆ ಕಂದಪದ್ಯ ಕೇಳಿದರು. ಬರೆದ. ಬರೆದು, ಮನೆಗೆ ಬಂದು, ಮೈಗೆಲ್ಲ ಎಣ್ಣೆ ಹತ್ತಿದವನ ಹಾಗೆ ತಲೆ ತುಂಬ ನೀರು ಹುಯ್ದುಕೊಂಡ. ಇಷ್ಟು ಅಸಹ್ಯದ ನಡುವೆ ಅವನಿಗಿದ್ದದ್ದು ಒಂದೇ ಸುಖ. ಚಿನ್ನಸ್ವಾಮಿಯ ಅಚ್ಚುಕೂಟದಲ್ಲಿ ಒದ್ದೆ ಪ್ರೂಫು ಕೈಗೆ ಬಂದ ಕೂಡಲೇ ಓದುವುದಕ್ಕೆ ಮುಂಚೆ ಅದನ್ನು ಮೂಸುತ್ತಿದ್ದ. ಚಿನ್ನಸ್ವಾಮಿ ಮನೆಯಲ್ಲಿ ತಮಿಳು ಆಡುವವನು, ಕನ್ನಡದ ಅಚ್ಚುಮೊಳೆ ಜೋಡಿಸುವುದರಲ್ಲಿ ಗಟ್ಟಿಗ. "ಏನು ಮೇಷ್ಟ್ರೆ, ಕರುವೇಪ್ಪಿಲೆ ಒಗ್ಗರಣೆ ಹಾಕಿದೀನಾ ಅಂತ ನೋಡ್ತೀರಾ?" ಅಂತ ಅವನು ಪ್ರತಿಸಲ ಕೇಳುತ್ತಿದ್ದ, ಪ್ರತಿಸಲ ತಾನೇ ನಗುತ್ತಿದ್ದ.

ಒಂದು ದಿನ ಆ ಅಚ್ಚುಕೂಟಕ್ಕೆ ಮುಳ್ಳೂರಿನ ದೊಡ್ಡಮಾದಪ್ಪ ಬಂದ. ನೀರಾವರಿ ಜಮೀನು, ರೇಷ್ಮೆ ಹುಳದ ಮನೆ, ಎಲ್ಲ ಇದ್ದ ಕುಳ. ಮೀಸೆಗೆ ಬಣ್ಣ ಹಚ್ಚಿದ್ದ, ಬೆವರಿಗೆ ಅದು ಇಳಿದು ತುಟಿಯ ಮೂಲೆಯಲ್ಲಿ ಕಪ್ಪಗೆ ನಿಂತಿತ್ತು. ಸಿದ್ದಮಲ್ಲಪ್ಪನಿಗೆ ಆ ಮೂಲೆ ನೋಡಲಾಗಲಿಲ್ಲ, ಬೇರೆ ಕಡೆ ನೋಡಲೂ ಆಗಲಿಲ್ಲ.

"ಇನ್ನೊಂದ್ ಮದ್ವೆ ಆಯ್ತಾ ಇವ್ನಿ ಮೇಷ್ಟ್ರೆ. ಯಳಂದೂರಿನ ಎಣ್ಣು, ಶಿವರತ್ನಮ್ಮ ಅಂತ. ಅದಿನೇಳು ತುಂಬ್ಯದ. ಮನೇಲಿರೋ ಚನ್ನಾಜಿಗೆ ಮಕ್ಳಾಗ್ನಿಲ್ಲ, ಏನ್ ಮಾಡದು? ನಮ್ ಮದ್ರಾಸ್ ಗೋರ್ಮೆಂಟು ಎರಡ್ನೆ ಮದ್ವೆ ಕೂಡ್ದು ಅಂತದಂತೆ. ಯಳಂದೂರು ಮೈಸೂರ್ ಸೀಮೆ ಕಣ್ರಿ, ಅಲ್ಲಿ ಕೇಳೋರ್ಯಾರು?"

ಥೂ, ಅಂತ ಸಿದ್ದಮಲ್ಲಪ್ಪನ ಬಾಯಿಗೆ ಬಂದಿತ್ತು. ಅಷ್ಟರಲ್ಲಿ ದೊಡ್ಡಮಾದಪ್ಪ, "ಪದ್ಯ ಮಾತ್ರ ನನ್ ಮೊದ್ಲ ಮದ್ವೆಗೆ ನೀವು ಬರ್ದಿದ್ರಲ್ಲ, ಅದೇ ಆಗ್ಬೇಕು. ಎಸ್ರು ಒಂದ ಬದ್ಲಾಯ್ಸಿಬುಡಿ" ಅಂದ. ಅಂದು, ಕಣ್ಣು ಮುಚ್ಚಿ, ಒಂದಕ್ಷರ ತಪ್ಪದೆ ಪೂರಾ ಹೇಳಿದ.

ಅಂಜಬೇಡ ಚನ್ನಾಜಿ, ಹೊಸಿಲು ನಿನ್ನದು,
ಹೊಸಿಲ ಒಳಗೆ ಹಚ್ಚಿಟ್ಟ ದೀಪ ನಿನ್ನದು.
ನಿನ್ನ ಕೇಳದೆ ಈ ಮನೆಯ ನೀರೂ ಕಾಯದು,
ನೀನು ನಗದೆ ಇಲ್ಲಿ ಬೆಳಗೇ ಆಗದು.

ಸಿದ್ದಮಲ್ಲಪ್ಪನದೇ ಪದ್ಯ. ಹದಿನೈದು ವರ್ಷದ ಹಿಂದೆ, ತನ್ನ ತಂಗಿಯನ್ನು ಗಂಡನ ಮನೆಗೆ ಬಿಟ್ಟು ಬಂದ ವಾರ ಅದನ್ನು ಬರೆದಿದ್ದ. ಆ ಮನೆಯ ಹೊಸಿಲಲ್ಲಿ ತಂಗಿಯ ಕಾಲು ನಡುಗಿದ್ದು ಕಣ್ಣಲ್ಲೇ ಇತ್ತು. ಅದಾದ ಮೇಲೆ ಬರೆದದ್ದೆಲ್ಲ ಚಂದ್ರ, ತಾವರೆ, ಹಂಸ. ನಿಜವಾದ ಪದ್ಯ ಅಂತ ಅವನು ಬರೆದಿದ್ದರೆ ಅದೊಂದೇ, ಅದನ್ನು ಒಬ್ಬ ಮನುಷ್ಯ ಇಷ್ಟು ವರ್ಷ ಬಾಯಲ್ಲಿಟ್ಟುಕೊಂಡಿದ್ದಾನೆ. ಹಿಗ್ಗು ಅನ್ನುವುದು ಎಂಥ ನಾಚಿಕೆಗೆಟ್ಟದ್ದು ನೋಡಿ, ಎದುರಿಗಿದ್ದ ಮೀಸೆಯ ಕಪ್ಪು ಕೂಡ ಅವನಿಗೆ ಆಗ ಕಾಣಲಿಲ್ಲ. ಆಗಲಿ ಯಜಮಾನ್ರೆ, ಅಂದುಬಿಟ್ಟ.

"ಪ್ರೂಫ್ ತಕಂಡು ನೀವೇ ಮನೆಗ್ ಬನ್ನಿ. ರತ್ನಮ್ಮನ ಎಸ್ರು ದಪ್ಪಗೆ ಬಂದದಾ ಅಂತ ನಾ ನೋಡ್ಬೇಕು" ಅಂತ ಹೇಳಿ ದೊಡ್ಡಮಾದಪ್ಪ ಹೊರಟ.

ಎರಡು ದಿನ ಬಿಟ್ಟು ಸಿದ್ದಮಲ್ಲಪ್ಪ ಪ್ರೂಫನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಮುಳ್ಳೂರಿಗೆ ಹೋದ. ಇನ್ನೊಂದು ಸಲ ಹೊಗಳಿಸಿಕೊಳ್ಳುವ ಆಸೆ, ಬೇರೇನಿಲ್ಲ. ದೊಡ್ಡಮಾದಪ್ಪ ಗದ್ದೆ ಕಡೆ ಹೋಗಿದ್ದ. ಹುಳದ ಮನೆಯಿಂದ ಹೆಣ್ಣು ಧ್ವನಿ ಕೇಳುತ್ತಿತ್ತು. ಒಬ್ಬ ಹೆಂಗಸು ತಟ್ಟೆಯಿಂದ ತಟ್ಟೆಗೆ ಹಿಪ್ಪುನೇರಳೆ ಸೊಪ್ಪು ಉದುರಿಸುತ್ತ, ತನ್ನ ಪಾಡಿಗೆ ತಾನು ಹಾಡಿಕೊಳ್ಳುತ್ತಿದ್ದಳು. "ನಿನ್ನ ಕೇಳದೆ ಈ ಮನೆಯ ನೀರೂ ಕಾಯದು."

ಸಿದ್ದಮಲ್ಲಪ್ಪ ಬಾಗಿಲ ಹತ್ತಿರ ಹೋದ. ಅವಳು ಚನ್ನಾಜಮ್ಮ, ಯಜಮಾನನ ಮೊದಲ ಹೆಂಡತಿ.

"ಯಾರಣ್ಣಯ್ಯ? ಪ್ರೆಸ್ನೋರಾ?" ಅಂದಳು ಅವಳು. "ಕೂತ್ಕಳಿ, ಬತ್ತಾರೆ."

"ಆ ಪದ ಎಲ್ಲಿ ಕಲಿತೆ ಅವ್ವ?"

"ಕಲಿಯಾದೇನು, ಅದು ನಂದೇ ಕಣಣ್ಣಯ್ಯ. ನನ್ ಮದ್ವೇಲಿ ಓದಿದ್ದು. ನಂಗ್ ಓದಕ್ ಬರಕ್ಕಿಲ್ಲ, ನನ್ ತಂಗಿ ಕಾಗ್ದ ನೋಡ್ಕಂಡು ಬಾಯ್ಪಾಟ ಮಾಡ್ಸಿದ್ಲು. ಯಾರೋ ಪುಣ್ಯಾತ್ಮ, ನನ್ ಮೊಕ ಕಾಣ್ದೇನೇ ಬರ್ದವ್ನೆ. ಬಂದ ಒಸದ್ರಲ್ಲಿ ಬೋ ದಿಗ್ಲಾಯ್ತಿತ್ತು. ಇದ ಅಂದ್ಕಂಡೇ ಈ ಮನೇಲಿ ದಿನ ಕಳ್ದೆ. ಕೇಳಿ ಕೇಳಿ ನಮ್ಮೋರ್ಗೂ ಬಾಯ್ಗೆ ಬಂದೋಗ್ಯದ."

ಹೀಗೋ ಸಮಾಚಾರ. ಹದಿನೈದು ವರ್ಷ ನೆನಪಿಟ್ಟವಳು ಇವಳು. ದೊಡ್ಡಮಾದಪ್ಪನಿಗೆ ಅದು ಇವಳ ಬಾಯಿಂದ ಸುಮ್ಮನೆ ಕಿವಿಗೆ ಬಿದ್ದದ್ದು. ಸಿದ್ದಮಲ್ಲಪ್ಪನಿಗೆ ಆ ಗಂಡಸಿನ ಮೇಲೆ ಬಂದಿದ್ದ ಹೇಸಿಗೆಯೆಲ್ಲ ತಿರುಗಿ ತನ್ನ ಮೇಲೇ ಬಂತು. ಜೇಬಿನೊಳಗಿದ್ದ ಕಾಗದ ಮುಟ್ಟಿದರೆ ಕೈ ಹೊಲಸಾಗುತ್ತೆ ಅನ್ನಿಸಿತು.

"ಆ ಎಣ್ಣಿನ್ ಪದ ತಂದಿದೀರೇನೋ" ಅಂದಳು ಚನ್ನಾಜಮ್ಮ. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಕೈ ಮಾತ್ರ ಸೊಪ್ಪಿನ ಮೇಲೆ ನಿಂತಿತ್ತು. "ಓದಿ ಅಣ್ಣಯ್ಯ, ಅವ್ಳಿಗೇನ್ ಬರ್ದವ್ರೆ ಕೇಳನ."

ಸಿದ್ದಮಲ್ಲಪ್ಪ ಪ್ರೂಫು ತೆಗೆದು ಬಿಚ್ಚಿದ. ಅಂಜಬೇಡ ರತ್ನಮ್ಮ, ಅಂತ ದಪ್ಪಕ್ಷರದಲ್ಲಿ ಎದ್ದು ಕೂತಿತ್ತು. ಅವನು ಆ ಕಾಗದವನ್ನೇ ನೋಡುತ್ತ, ಅದರಲ್ಲಿ ಇಲ್ಲದ್ದನ್ನು ಓದಿದ.

"ಚಂದ್ರನ ಮೊಗದವಳೆ, ತಾವರೆ ಕಣ್ಣವಳೆ, ಹಂಸದ ನಡೆಯವಳೆ, ಗಿಣಿಯ ನುಡಿಯವಳೆ, ಬಾರಮ್ಮ ರತ್ನಮ್ಮ ಭಾಗ್ಯದ ಮನೆಗೆ."

ಅವಳು ಬೆರಳು ಮಡಿಸಿ ಎಣಿಸಿದಳು.

"ಅಂಸ ಅದೆ, ಗಿಣಿ ಅದೆ. ಎಂಗ್ಸೇ ಇಲ್ವಲ್ಲ ಅಣ್ಣಯ್ಯ ಇದ್ರಲ್ಲಿ" ಅಂದಳು. ಆಮೇಲೆ, "ನಂದೇ ವಾಸಿ" ಅಂತ ಸೊಪ್ಪಿಗೆ ಕೈ ಹಾಕಿದಳು.

ಇಷ್ಟು ವರ್ಷದಲ್ಲಿ ಅವನ ಬರವಣಿಗೆಯನ್ನು ಒಬ್ಬರು ಸರಿಯಾಗಿ ಬೈದದ್ದು ಅದೇ ಮೊದಲು. ಅವನಿಗೆ ಅಷ್ಟು ಸಂತೋಷ ಯಾವ ಸನ್ಮಾನದಲ್ಲೂ ಆಗಿರಲಿಲ್ಲ. ಬರೆದವನು ನಾನೇ ಅನ್ನುವ ಮಾತು ನಾಲಿಗೆ ತುದಿಗೆ ಬಂತು, ನುಂಗಿಕೊಂಡ. ಯಜಮಾನನಿಗೆ ಕಾಯದೆ ಎದ್ದು ಬಂದ. ಸೀದಾ ಅಚ್ಚುಕೂಟಕ್ಕೆ ಹೋಗಿ, ಜೋಡಿಸಿದ್ದ ಮೊಳೆಯನ್ನೆಲ್ಲ ಚಿನ್ನಸ್ವಾಮಿಯ ಕೈಲಿ ಕೀಳಿಸಿ, ಚಂದ್ರ ತಾವರೆಯನ್ನು ಹಾಕಿಸಿದ. "ಇದು ಕಸ ಮೇಷ್ಟ್ರೆ" ಅಂದ ಚಿನ್ನಸ್ವಾಮಿ. "ಕಸಾನೇ ಬೇಕು ಅವನಿಗೆ" ಅಂದ ಸಿದ್ದಮಲ್ಲಪ್ಪ.

ಯಳಂದೂರಿನ ಮದುವೆಯಲ್ಲಿ ಅದನ್ನೇ ಓದಿದರು, ಅದರಲ್ಲೇ ಸುಣ್ಣ ಒರೆಸಿದರು. ಹಣೆಗೆ ಬಾಸಿಂಗ ಕಟ್ಟಿಕೊಂಡಿದ್ದ ದೊಡ್ಡಮಾದಪ್ಪ ದುರುಗುಟ್ಟಿ ನೋಡಿದ. ಪಕ್ಕದಲ್ಲಿ ಕೂತಿದ್ದ ಹುಡುಗಿ ಸೆರಗಿನೊಳಗೆ ಮುಖ ಇಟ್ಟುಕೊಂಡು ಬಿಕ್ಕುತ್ತಿದ್ದಳು. ಸಿದ್ದಮಲ್ಲಪ್ಪ ಅವಳನ್ನು ಸರಿಯಾಗಿ ನೋಡಲೇ ಇಲ್ಲ. ತಾನು ಒಂದು ಪದ್ಯ ಉಳಿಸಿದೆ ಅನ್ನುವ ಜಂಬದಲ್ಲಿದ್ದ.

ತಿಂಗಳಾದ ಮೇಲೆ ಇನ್ನೊಂದು ಮದುವೆಯ ಪದ್ಯಕ್ಕೆ ಅವನು ಮತ್ತೆ ಮುಳ್ಳೂರಿಗೆ ಹೋಗಬೇಕಾಯಿತು. ಆ ಹಾಡು ಕೇಳಿಸೀತು ಅಂತ ಬೇಕಾಗಿಯೇ ದೊಡ್ಡಮಾದಪ್ಪನ ಬೀದಿಯಲ್ಲಿ ಬಂದ. ದೊಡ್ಡಮಾದಪ್ಪ ಜಗುಲಿಯ ಮೇಲೆ ಕಾಲು ಚಾಚಿಕೊಂಡು ಕೂತಿದ್ದ. ಮೀಸೆಯ ಬಣ್ಣ ಹೋಗಿ ಬುಡದಲ್ಲಿ ಬಿಳಿ ಎದ್ದಿತ್ತು. ಹುಳದ ಮನೆಯಿಂದ ಚನ್ನಾಜಮ್ಮನ ಧ್ವನಿ ಬರುತ್ತಿತ್ತು. ಒಂದೊಂದು ಸಾಲು ಹೇಳಿ ನಿಲ್ಲಿಸುತ್ತಿದ್ದಳು, ಅಳು ತುಂಬಿದ ಎಳೆಯ ಗಂಟಲೊಂದು ಅದನ್ನು ತಿರುಗಿ ಹೇಳುತ್ತಿತ್ತು.

"ಅಂಜಬೇಡ ರತ್ನಮ್ಮ, ಹೊಸಿಲು ನಿನ್ನದು. ಎಲ್ಲಿ, ಅನ್ನು ಕೂಸೆ."

ಸಿದ್ದಮಲ್ಲಪ್ಪ ಬೀದಿಯಲ್ಲೇ ನಿಂತುಬಿಟ್ಟ. ಪ್ರೂಫಿನಲ್ಲಿ ದಪ್ಪಕ್ಷರದಲ್ಲಿ ಇದ್ದದ್ದೂ ಇದೇ ಸಾಲು. ಅವನು ಜೋಪಾನ ಮಾಡಿದ್ದನ್ನು ಚನ್ನಾಜಮ್ಮ ತೆಗೆದು ಈ ಹುಡುಗಿಗೆ ಕೊಟ್ಟುಬಿಟ್ಟಿದ್ದಳು. ಹೊಸಿಲಲ್ಲಿ ನಡುಗುವ ಕಾಲಿಗಾಗಿ ಅದನ್ನು ಬರೆದದ್ದು ಅನ್ನುವುದು ಬರೆದವನಿಗೇ ಮರೆತು ಹೋಗಿತ್ತು. ಅವನಿಗೆ ನಾಚಿಕೆಯಾಯಿತು.

ಜಗುಲಿಯ ಮೇಲಿದ್ದವನು ಹಲ್ಲು ಕಿರಿದ. "ಕೇಳುದ್ರಾ ಮೇಷ್ಟ್ರೆ? ನಾ ನಿಮ್ಮ ಕೇಳಿದ್ದೂ ಇದೇ ಅಲ್ವಾ? ನೀವ್ ಕೊಡ್ದಿದ್ರೂ ನನ್ ಮನೇಲಿ ಆಯ್ತು."

"ಅಲ್ಲ ಯಜಮಾನ್ರೆ. ನೀವು ಕೇಳಿದ್ದು ಇದಲ್ಲ" ಅಂದ ಸಿದ್ದಮಲ್ಲಪ್ಪ.

ದೊಡ್ಡಮಾದಪ್ಪನಿಗೆ ಅದು ಅರ್ಥವಾಗಲಿಲ್ಲ. ಮಜ್ಜಿಗೆ ಕುಡಿದುಕೊಂಡು ಹೋಗಿ ಅಂದ. ಸಿದ್ದಮಲ್ಲಪ್ಪ ಬೇಡ ಅಂದು, ಒಳಗಿನ ಧ್ವನಿ ನಾಲ್ಕನೆಯ ಸಾಲು ಮುಗಿಸುವವರೆಗೂ ಬಿಸಿಲಲ್ಲಿ ನಿಂತಿದ್ದು, ಆಮೇಲೆ ಹೊರಟ.