ಡ್ರಮ್ಮಿನಲ್ಲಿ ಕಾಣೆಯಾದ ಹನಿ

“ಅತ್ತೆ, ನೀವೇ ಹೇಳಿ. ಬಣ್ಣದ ಕಾರ್ಖಾನೇಲಿ ಬೆರೆಸೋ ಯಂತ್ರಕ್ಕೆ ಲೆಕ್ಕ ಕಲಿಸಿದವಳು ನಾನು. ಎಷ್ಟು ಹನಿ ಬೀಳಬೇಕು, ಯಾವಾಗ ನಿಲ್ಲಬೇಕು, ಎಲ್ಲ ಕಂಪ್ಯೂಟರಿಗೆ ಬರೆದುಕೊಟ್ಟೆ. ಇವಳು ನಿನ್ನೆ ಮೊನ್ನೆ ಬಂದವಳು. ಕುರ್ಚಿ ಆಚೆ ಸರಿಸಿದರೂ ಕಾರ್ಖಾನೆ ಯಜಮಾನರು ‘ಆಹಾ, ಎಂಥ ಬುದ್ಧಿ!’ ಅಂತಾರೆ. ನಾನು ಬೆನ್ನು ಮುರಿದುಕೊಂಡರೂ ಬರೀ ‘ಹೂಂ’. ಒಂದು ಡ್ರಮ್ ಕೆಟ್ಟಿದ್ದೇ ತಡ, ಬೆರೆಸೋ ಕೋಣೇನೇ ಅವಳ ಕೈಗೆ ಕೊಡ್ತಾರಂತೆ. ಮನೇಲಿ ಪಾಲಿಗೆ ಬಂದಿದ್ದು ಸಾಲದಾ, ಅಲ್ಲೂ ಬೇಕಾ?”

ನನ್ನ ಹಿರಿ ಸೊಸೆ ಹೀಗೆ ಹೇಳುವಾಗ ಕಿರಿ ಸೊಸೆ ಒಳಗೆ ತಟ್ಟೆ ಇಡುತ್ತಿದ್ದಳು. ವಾರಗಿತ್ತಿಯರಿಬ್ಬರಿಗೂ ಒಂದೇ ಕಾರ್ಖಾನೆ.

ಆಸ್ಪತ್ರೆಯ ಗೋಡೆಗೆಂದು ದೊಡ್ಡ ಡ್ರಮ್ಮಿನಲ್ಲಿ ತಿಳಿ ಕೆನೆಬಣ್ಣ ಮಾಡಬೇಕಿತ್ತು. ಸಣ್ಣ ಡಬ್ಬಿಗಳಲ್ಲಿ ಯಾವತ್ತೂ ತಪ್ಪದ ಯಂತ್ರ, ಅಲ್ಲಿ ಮಾತ್ರ ಹಳದಿಯನ್ನು ಸುರಿಸುತ್ತಲೇ ಹೋಯಿತು. ಕೆನೆ ಹೋಗಿ ಮೊಟ್ಟೆಯೊಳಗಿನ ಹಳದಿಯ ಬಣ್ಣವಾಯಿತು. ನಾಳೆಯೊಳಗೆ ಕಾರಣ ಹೇಳದಿದ್ದರೆ ಕೋಣೆ ಬಿಟ್ಟುಕೊಡು ಎಂದಿದ್ದರು ಯಜಮಾನರು.

ಊಟಕ್ಕೆ ಕೂತಾಗ ಕಿರಿಯವಳು ಕೇಳಿದಳು: “ಅಕ್ಕಾ, ಒಂದೊಂದು ಹನೀನೂ ಇಡೀ ಡ್ರಮ್ಮಿನ ಮೊತ್ತಕ್ಕೇ ಕೂಡಿಸ್ತೀರಾ?”

“ಇನ್ನೇನು, ನಿನ್ನ ತಲೆಗೆ ಕೂಡಿಸ್ಲಾ?”

“ಅದೇ ತೊಂದರೆ ಇರಬಹುದು. ಕಂಪ್ಯೂಟರಿಗೆ ಸೊನ್ನೆ, ಒಂದು ಬಿಟ್ಟರೆ ಬೇರೆ ಅಂಕಿ ಇಲ್ಲ. ಒಂದು ಸಂಖ್ಯೆ ಬರೆಯೋಕೆ ಇಷ್ಟೇ ಮನೆ, ಮನೆಗೊಂದೇ ಅಂಕಿ ಅಂತ ಇರುತ್ತೆ. ಸಂಖ್ಯೆ ಬೆಳೆದ ಹಾಗೆ ನಮ್ಮ ದಶಮಾಂಶದಂಥ ಚುಕ್ಕಿ ಬಲಕ್ಕೆ ಜರುಗುತ್ತೆ, ಚುಕ್ಕಿಯಾಚೆಯ ತೀರಾ ಸಣ್ಣ ಪಾಲಿಗೆ ಮನೆಯೇ ಉಳಿಯಲ್ಲ. ಡ್ರಮ್ಮಿಗೆ ಸೂಜಿಮೊನೆಯಷ್ಟು ಹನಿ ಕೂಡಿಸಿದರೆ ಮೊತ್ತ ಅಲ್ಲೇ ನಿಂತಿರುತ್ತೆ. ಏನೂ ಬಿದ್ದಿಲ್ಲ ಅಂದುಕೊಂಡು ಯಂತ್ರ ಇನ್ನೊಂದು ಹಾಕುತ್ತೆ, ಮತ್ತೊಂದು ಹಾಕುತ್ತೆ. ಹನಿಗಳನ್ನ ಮೊದಲು ಬೇರೆಯಾಗಿ ಕೂಡಿಸಿಟ್ಟುಕೊಂಡು, ದೊಡ್ಡದಾದ ಮೇಲೆ ಮೊತ್ತಕ್ಕೆ ಸೇರಿಸಿದರೆ?”

ಹಿರಿಯವಳ ಕೈಯ ತುತ್ತು ಅರ್ಧದಲ್ಲೇ ನಿಂತಿತು. “ನನಗೆ ಗೊತ್ತಿತ್ತು,” ಎಂದಳು. ಗೊತ್ತಿರಲಿಲ್ಲವೆಂದು ಅವಳ ಕಿವಿಯ ಕೆಂಪೇ ಹೇಳುತ್ತಿತ್ತು.

ಮರುದಿನ ಎಲ್ಲರಿಗಿಂತ ಮೊದಲೇ ಹೋಗಿ ಲೆಕ್ಕ ತಿದ್ದಿದಳು. ಡ್ರಮ್ಮಿನ ಬಣ್ಣ ಕೆನೆಯಂತೆ ಬಂತು. ಯಜಮಾನರು ಎಲ್ಲರೆದುರು ಕೇಳಿದರು: “ಯಾರು ಕಂಡುಹಿಡಿದದ್ದು?”

“ನಾನೇ ಸಾರ್.”

ಕಿರಿಯವಳು ಅಲ್ಲೇ ಕನ್ನಡಕ ಒರೆಸುತ್ತ ನಿಂತಿದ್ದಳಂತೆ, ತುಟಿ ಎರಡು ಮಾಡಲಿಲ್ಲವಂತೆ. ಕೋಣೆ ಹಿರಿಯವಳಿಗೇ ಉಳಿಯಿತು. ಇದನ್ನು ಇಬ್ಬರೂ ನನಗೆ ಬೇರೆಬೇರೆಯಾಗಿ ಹೇಳಿದರು. ಕಿರಿಯವಳು ನಗುತ್ತ ಹೇಳಿದಳು. ಹಿರಿಯವಳು ಬೆಂದು ಹೇಳಿದಳು.

“ಗೆದ್ದೆಯಲ್ಲೇ, ಮುಖ ಯಾಕೆ ಹಾಗೆ?” ಎಂದೆ.

“ಎಲ್ಲಿ ಗೆದ್ದೆ ಅತ್ತೆ? ಜಗಳಕ್ಕೆ ಬಂದಿದ್ದರೆ ನಾಲ್ಕು ಮಾತು ಆಡಿ ಹಗುರಾಗ್ತಿದ್ದೆ. ಸುಮ್ಮನಿದ್ದು ಅಲ್ಲೂ ನನಗಿಂತ ದೊಡ್ಡವಳಾದಳು!”

“ಹಾಗಾದರೆ ಹೋಗಿ ನಿಜ ಹೇಳು.”

“ಹೇಳಿದರೆ ಕೋಣೆ ಹೋಗುತ್ತೆ.”

“ಹೇಳದಿದ್ದರೆ?”

“ಹೊಟ್ಟೆ ಉರಿಯುತ್ತೆ. ಉರೀಲಿ ಬಿಡಿ, ಅಭ್ಯಾಸ ಆಗಿದೆ.”

ಹಿತ್ತಿಲಿನಿಂದ ಕಿರಿಯವಳು ಕೂಗಿದಳು: “ಅಕ್ಕಾ, ಹೊದಿಕೆ ಹಿಂಡಬೇಕು, ಆ ತುದಿ ಹಿಡೀರಿ.”

ಹಿರಿಯವಳು ಸೆರಗು ಸಿಕ್ಕಿಸಿ ಹೋಗಿ ಹಿಡಿದಳು. ಒಬ್ಬಳು ಈ ಕಡೆಗೆ, ಒಬ್ಬಳು ಆ ಕಡೆಗೆ ತಿರುಚಿದರು.

“ನಾಳೆ ನಿಮ್ಮ ಕೋಣೆಗೆ ನಾನೂ ಬರಬಹುದಾ ಅಕ್ಕಾ?”

“ಬಾಗಿಲು ತಟ್ಟಿ ಬಾ,” ಎಂದು ಹಿರಿಯವಳು ಇನ್ನೊಂದು ಸುತ್ತು ಬಿಗಿದಳು. ಆಮೇಲೆ ಇಬ್ಬರೂ ಹೊದಿಕೆ ಕೊಡವಿ ಹಗ್ಗಕ್ಕೆ ಹರವಿದರು.