ಅಯಸ್ಕಾಂತ ಅಂಟದ ಬಟ್ಟಲು

ನಾಯ್ಮಾರ್ಮೂಲೆ ಪೇಟೆಯಿಂದ ಸ್ವಲ್ಪ ಒಳಗೆ ನಮ್ಮ ಲ್ಯಾಬು. ಮಣ್ಣು, ಕೆಂಪುಕಲ್ಲು, ಜೇಡಿ ಏನೇ ತಂದುಕೊಟ್ಟರೂ ಅದರಲ್ಲಿ ಕಬ್ಬಿಣವೆಷ್ಟು, ಅಲ್ಯೂಮಿನಿಯಂ ಎಷ್ಟು ಎಂದು ಹೇಳುವವಳು ನಾನು. ಹಾಗೆ ಹೇಳಲು ಬೇಕಾದ ನಿಜವಾದ ಕೆಲಸ ಮಾಡುತ್ತಿದ್ದವರು ನಮ್ಮ ಅಸಿಸ್ಟೆಂಟ್. ವಯಸ್ಸಿನಲ್ಲಿ ಹಿರಿಯರು, ನಾನು ಕರೆಯುವುದು ಅಣ್ಣ ಎಂದೇ. ಪುತ್ತಿಗೆಯಿಂದ ಬಸ್ಸಿನಲ್ಲಿ ಬಂದು, ಪ್ಲಾಟಿನಂ ಬಟ್ಟಲಿನಲ್ಲಿ ಕಲ್ಲಿನ ಪುಡಿಗೆ ಅದನ್ನು ಕರಗಿಸುವ ಬೊರೇಟ್ ಉಪ್ಪು ಬೆರೆಸಿ, ಗ್ಯಾಸಿನ ಉರಿಯಲ್ಲಿ ಜೇನಿನ ಹಾಗೆ ಕರಗಿಸಿ ಅಚ್ಚಿಗೆ ಹೊಯ್ಯುತ್ತಿದ್ದರು. ಅದು ಆರಿ ಗಾಜಿನ ಬಿಲ್ಲೆಯಾದ ಮೇಲೆ ಯಂತ್ರದಲ್ಲಿಟ್ಟು ಅಳೆಯುವುದಷ್ಟೇ ನನ್ನ ಪಾಲು. ಅವರು ಹೊಯ್ದ ಬಿಲ್ಲೆಯಲ್ಲಿ ಒಂದು ಗುಳ್ಳೆಯೂ ಇರುತ್ತಿರಲಿಲ್ಲ.

ಹೋದ ವರ್ಷ ಅವರಿಗೆ ಉಬ್ಬಸ ಹಿಡಿಯಿತು. ಉರಿಯ ಮುಂದೆ ನಿಲ್ಲಲೇಬಾರದು ಎಂದರು ಡಾಕ್ಟರು. "ಈ ತಿಂಗಳು ಮುಗಿದ ಮೇಲೆ ಬಂದ್ಯೋಡಿನಲ್ಲಿ ಭಾವನ ಅಂಗಡಿಯಲ್ಲಿ ಕೂರುವುದು ಮೇಡಂ" ಎಂದು ಅವರು ನೆಲ ನೋಡಿಕೊಂಡು ಹೇಳಿದಾಗ ನನಗೆ ಸಂಕಟವೂ ಆಯಿತು, ಸಿಟ್ಟೂ ಬಂತು. ಅಕ್ಕಿ ತೂಗುವುದಕ್ಕಾ ಆ ಕೈ?

ಉರಿಯಿಲ್ಲದ ಇಂಡಕ್ಷನ್ ಹೀಟರ್ ತರಿಸೋಣ ಎಂದು ಲ್ಯಾಬಿನ ಯಜಮಾನರ ಬೆನ್ನು ಬಿದ್ದೆ. ಅವರು ಒಪ್ಪಿದರು, ಆರಿಸುವುದನ್ನು ನನಗೇ ಬಿಟ್ಟರು. ನಾನು ಎಂಥ ಜಾಣೆ ನೋಡಿ! ಮನೆಯ ಇಂಡಕ್ಷನ್ ಒಲೆಗೆ ಪಾತ್ರೆ ಆರಿಸುವಾಗ ಮಾಡುವ ಹಾಗೆ, ಫ್ರಿಜ್ಜಿನ ಬಾಗಿಲಿನ ಅಯಸ್ಕಾಂತ ತಂದು ಬಟ್ಟಲಿಗೆ ಹಿಡಿದೆ. ಅಂಟಲಿಲ್ಲ. ಹೀಟರ್ ಮಾರುವವನಿಗೆ ಬೇಡವೆಂದು ಫೋನು ಮಾಡಲು ಹೊರಟೆ.

"ಹೀಟರಿನಲ್ಲಿ ಇಟ್ಟು ನೋಡಿದಿರಾ?" ಎಂದು ಅಣ್ಣ ಕೇಳಿದರು.

"ನೋಡುವುದು ಎಂತ? ಅಯಸ್ಕಾಂತ ಅಂಟದ್ದು ಇಂಡಕ್ಷನ್‌ನಲ್ಲಿ ಬಿಸಿಯಾಗುವುದುಂಟಾ?"

ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳ ಮಾತು ಇದು.

"ಅದು ಅಡುಗೆಕೋಣೆಯ ಲೆಕ್ಕ ಮಾರಾಯ್ರೆ. ಅವನನ್ನು ಒಮ್ಮೆ ಬರಲಿಕ್ಕೆ ಹೇಳಿ. ಆಗದಿದ್ದರೆ ನಾನು ಹೇಗೂ ಹೊರಟವನೇ."

ಮಾರುವವನು ಎರಡು ಯಂತ್ರ ತಂದ. ದೊಡ್ಡದರ ತಾಮ್ರದ ಸುರುಳಿಯೊಳಗೆ ಕಬ್ಬಿಣದ ಬೋಲ್ಟು ಹಿಡಿದ. ನೋಡುತ್ತಿದ್ದಂತೆ ಅದು ಕೆಂಪಗಾಯಿತು. ಅಬ್ಬಾ ಎಂದು ನಾನು ಬಾಯಿ ಬಿಟ್ಟೆ. ಅಣ್ಣ ಬಿಡಲಿಲ್ಲ. "ನಮ್ಮದು ಬೋಲ್ಟಲ್ಲ" ಎಂದು ಪುಡಿ ಹಾಕಿದ ಬಟ್ಟಲನ್ನೇ ಸುರುಳಿಯೊಳಗೆ ಇಳಿಸಿದರು. ಅಗಲವಾದ ಸುರುಳಿಯ ನಡುವೆ ಅದು ಬಿಸಿಯೇನೋ ಆಯಿತು, ಪುಡಿ ಮಾತ್ರ ಪುಡಿಯಾಗಿಯೇ ಉಳಿಯಿತು. ಅಣ್ಣನ ಮುಖ ನೋಡುವ ಧೈರ್ಯ ನನಗಿರಲಿಲ್ಲ.

"ಪ್ಲಾಟಿನಂ ಒಳಗೂ ಕರೆಂಟು ಹರಿಯುತ್ತದೆ ಮೇಡಂ, ಅಯಸ್ಕಾಂತ ಅಂಟಬೇಕೆಂದಿಲ್ಲ. ಸುರುಳಿ ಬಟ್ಟಲಿಗೆ ಹತ್ತಿರ ಇರಬೇಕು, ಅಷ್ಟೇ" ಎಂದು ಮಾರುವವನು ಚಿಕ್ಕದನ್ನು ಮುಂದಿಟ್ಟ. ಅದರ ಸುರುಳಿಗೂ ಬಟ್ಟಲಿಗೂ ನಡುವೆ ಒಂದು ಬೆರಳು ಹೋಗುವಷ್ಟು ಜಾಗ ಮಾತ್ರ. ಬಟ್ಟಲು ಕೆಂಪಾಯಿತು, ಕಿತ್ತಳೆಯಾಯಿತು. ಪುಡಿ ಕುಸಿದು, ಕರಗಿ, ತಿಳಿಯಾಯಿತು. ಗ್ಯಾಸಿನ ವಾಸನೆಯಿಲ್ಲ, ಉರಿಯಿಲ್ಲ. ಅಣ್ಣ ಪಕ್ಕದಲ್ಲೇ ನಿಂತಿದ್ದರು, ಒಮ್ಮೆಯೂ ಕೆಮ್ಮಲಿಲ್ಲ. ನಾಚಿಕೆಯೂ ಖುಷಿಯೂ ಒಟ್ಟಿಗೇ ಬಂದು ನನ್ನ ಕಣ್ಣು ತುಂಬಿತು.

"ಇದೇ ಇರಲಿ" ಎಂದು ಮಾರುವವನಿಗೆ ಹೇಳಿ, ಕರಗಿದ್ದನ್ನು ಅಚ್ಚಿಗೆ ಹೊಯ್ಯೋಣವೆಂದು ಇಕ್ಕಳಕ್ಕೆ ಕೈ ಹಾಕಿದೆ. ಅಷ್ಟರಲ್ಲಿ ಅದು ಅಣ್ಣನ ಕೈಯಲ್ಲಿತ್ತು.

"ಸ್ವಲ್ಪ ಆಚೆ ನಿಲ್ಲಿ ಮೇಡಂ. ಭಾವನಿಗೆ ಬೇರೆ ಯಾರಾದರೂ ಸಿಕ್ಕಾರು. ಇದು ನನ್ನ ಕೆಲಸ."