ಅಮೆರಿಕದ ಗವರ್ನರ್ ಹರಿಕಥೆ

ಕಾಲಿಗೆ ಗೆಜ್ಜೆ ಕಟ್ಟಿ, ಕೈಯಲ್ಲಿ ತಾಳದ ಚಿಟಿಕೆ ಹಿಡಿದು, ಅಮೆರಿಕದ ಗವರ್ನರ್ ಚುನಾವಣೆಯನ್ನು ಹರಿಕಥೆ ಮಾಡಿದವರು ಲೋಕದಲ್ಲಿ ನಮ್ಮ ಭಾವ ಒಬ್ಬರೇ ಇರಬೇಕು. ಹೈಸ್ಕೂಲಿನಲ್ಲಿ ಚರಿತ್ರೆಯ ಮೇಷ್ಟ್ರು, ಹಬ್ಬ ಬಂದರೆ ಹರಿಕಥೆ ದಾಸರು. ಕಡ್ಡಿಯಂಥ ಮೈ, ಕಂಚಿನ ಕಂಠ. ಸಿಟ್ಟು ಬಂದರೆ ಕೂಗಾಡುವವರಲ್ಲ. ಒಂದು ಚಿಟಿಕೆ ನಶ್ಯ ಏರಿಸಿ "ಚೂದ್ದಾಂ ಲೇ" ಎನ್ನುವರು. ನೋಡೋಣ ಬಿಡು ಎಂದು ನಮ್ಮ ಸೀಮೆಯವರು ತೆಲುಗಿನಲ್ಲಿ ಹೇಳುವುದು ಹೊಸದಲ್ಲ. ಭಾವ ಹೇಳಿದರೆ ಮಾತ್ರ ಅವರು ಬಿಡುವುದಿಲ್ಲ ಎಂದೇ ಅರ್ಥ.

ತೊಂಡೇಬಾವಿ ಸ್ಟೇಷನ್ನಿನ ಆಚೆಗಿರುವ ನಮ್ಮೂರಿನಲ್ಲಿ ಆಗ ಪಂಚಾಯ್ತಿ ಚೇರ್ಮನ್ ನಂಜಪ್ಪನದೇ ದರ್ಬಾರು. ಊರಿಗಿದ್ದ ಒಂದೇ ಕಾರು ಅವನದು. ಚುನಾವಣೆ ಬಂದಾಗ, ಹೈಸ್ಕೂಲು ಮಕ್ಕಳ ಅಪ್ಪ ಅಮ್ಮಂದಿರಿಗೆ ಹೇಳಿ ತನಗೆ ಓಟು ಹಾಕಿಸಿ ಎಂದು ಭಾವನನ್ನು ಕೇಳಿದ. "ಅದು ನನ್ನ ಪಾಠದಲ್ಲಿಲ್ಲ ಸ್ವಾಮಿ" ಎಂದರು ಭಾವ. ಗೆದ್ದ ಮೇಲೆ ನಂಜಪ್ಪ ಯಾರ ಕೈ ಹಿಡಿದನೋ, ಭಾವನಿಗೆ ಚಿಂತಾಮಣಿಗೆ ವರ್ಗವಾಯಿತು. ದಿನ ತುಂಬಿದ್ದ ಅಕ್ಕ ಬಾಣಂತನಕ್ಕೆಂದು ನಮ್ಮ ಮನೆಯಲ್ಲೇ ಉಳಿದಳು. ಹೆರಿಗೆ ಕಷ್ಟವಾದಾಗ, ಗೌರಿಬಿದನೂರಿನ ಆಸ್ಪತ್ರೆಗೆ ಒಯ್ಯಲು ಕಾರು ಕೇಳೋಣವೆಂದು ನಾನೇ ನಂಜಪ್ಪನ ಮನೆಗೆ ಓಡಿದೆ. ಜಗುಲಿಯಲ್ಲಿ ಎಲೆಯಡಿಕೆ ಹಾಕುತ್ತಿದ್ದವನು ತಲೆ ಎತ್ತಲಿಲ್ಲ. "ನಿಮ್ಮ ಮೇಷ್ಟ್ರೇ ಬಂದು ಕೇಳ್ಲಿ, ಕಳಿಸ್ತೀನಿ" ಎಂದ. ಎತ್ತಿನ ಗಾಡಿ ಅರ್ಧ ದಾರಿ ಹೋಗುವಷ್ಟರಲ್ಲಿ ಅಕ್ಕನೂ ಹೋದಳು, ಮಗುವೂ ಹೋಯಿತು. ನಂಜಪ್ಪನನ್ನು ನಾನು ಇವತ್ತಿಗೂ ಏಕವಚನದಲ್ಲೇ ಬರೆಯುವುದು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದಂತೆ. ನಾನು ಆಡುತ್ತೇನೆ.

ಅಕ್ಕನ ಕರ್ಮಗಳು ಮುಗಿದ ದಿನ ನಾನು ಮಚ್ಚು ತೆಗೆದುಕೊಂಡು ಹೊರಟೆ. ಭಾವ ಬಾಗಿಲಿಗೆ ಅಡ್ಡ ನಿಂತರು. "ಮಚ್ಚು ಬೇಡ ಕಣಯ್ಯ. ಒಂದೇಟಿಗೆ ಮುಗಿದುಹೋಗುತ್ತೆ. ಅವ್ನು ಬದುಕಿರ್ಬೇಕು, ಊರು ಅವನ್ನ ನೋಡಿ ನಗ್ಬೇಕು. ಚೂದ್ದಾಂ ಲೇ" ಎಂದು ನನ್ನ ಕೈಯಿಂದ ಅದನ್ನು ಇಸಕೊಂಡರು.

ಮುಂದಿನ ಚುನಾವಣೆ ಹತ್ತಿರವಾದಾಗ ರಾಮನವಮಿ ಬಂತು. ಚಪ್ಪರ ಹಾಕಿಸಿದವನು ನಂಜಪ್ಪ. ಹರಿಕಥೆಗೆ ಭಾವನನ್ನು ಕರೆಸೋಣವೆಂದು ಊರವರು ಹೇಳಿದರೆ ಅವನೂ ಒಪ್ಪಿದ. ಮೇಷ್ಟ್ರು ಹಳೆಯದನ್ನು ಮರೆತಿದ್ದಾರೆ ಎಂದುಕೊಂಡಿದ್ದ, ಪುಣ್ಯಾತ್ಮ. "ಎಲೆಕ್ಷನ್ ಟೈಮು ಮೇಷ್ಟ್ರೇ, ಪ್ರಜಾಪ್ರಭುತ್ವದ ಮೇಲೂ ಏನಾದ್ರೂ ಹೇಳಿ" ಎಂದು ಅವನೇ ಕೇಳಿಕೊಂಡ. ತನ್ನನ್ನು ಹೊಗಳುತ್ತಾರೆಂದು ಜರಿ ಪೇಟ ಸುತ್ತಿ ಮುಂದಿನ ಕುರ್ಚಿಯಲ್ಲಿ ಕೂತ. ನಾನು ಹಾರ್ಮೋನಿಯಂ ಹಿಡಿದೆ.

ರಾಮನ ಪೀಠಿಕೆ ಮುಗಿಸಿ ಭಾವ ನಮ್ಮನ್ನೆಲ್ಲ ಹಡಗು ಹತ್ತಿಸಿ ಅಮೆರಿಕಕ್ಕೆ ಕರೆದೊಯ್ದರು. ಹೋದ ಶತಮಾನ, ಅಲ್ಲಿನದೊಂದು ಸಂಸ್ಥಾನ, ಅದಕ್ಕೊಬ್ಬ ಗವರ್ನರ್. ಒಂದೊಂದು ಪಕ್ಷಕ್ಕೆ ಒಂದೊಂದು ಬಣ್ಣದ ಓಟಿನ ಚೀಟಿ. ಯಾರ ಕೈಯಲ್ಲಿ ಯಾವ ಬಣ್ಣ ಎಂದು ಗವರ್ನರನ ಕಡೆಯವರು ಬಾಗಿಲಲ್ಲೇ ನಿಂತು ನೋಡುವರು, ಜನ ಹೆದರಿ ಅವನಿಗೇ ಹಾಕುವರು. ಚರಿತ್ರೆ ಅಲ್ಲಿಗೆ ಮುಗಿಯಿತು. ಆಮೇಲೆ ಗವರ್ನರ್ ಜಗುಲಿಯಲ್ಲಿ ಕೂತು ಎಲೆಯಡಿಕೆ ಹಾಕತೊಡಗಿದ. ಜರಿ ಪೇಟ ಸುತ್ತಿದ. ಬಸುರಿಗೆಂದು ಕುದುರೆಗಾಡಿ ಕೇಳಲು ಬಂದವನಿಗೆ "ನಿಮ್ಮ ಮೇಷ್ಟ್ರೇ ಬಂದು ಕೇಳ್ಲಿ" ಎಂದ. ಚಪ್ಪರದಲ್ಲಿದ್ದವರೆಲ್ಲ ಮುಂದಿನ ಕುರ್ಚಿಯ ಕಡೆ ತಿರುಗಿದರು. ನನ್ನ ಹಾರ್ಮೋನಿಯಂ ಸ್ವರ ತಪ್ಪಿತು.

ನಂಜಪ್ಪ ಏಳಲು ನೋಡಿದ. ಆದರೆ ಮಂಗಳಾರತಿಗೆ ಮುಂಚೆ ಹರಿಕಥೆಯಿಂದ ಎದ್ದುಹೋಗುವುದು ಅಪಚಾರ, ಅದರಲ್ಲೂ ಚಪ್ಪರ ಹಾಕಿಸಿದ ಯಜಮಾನ. "ಮಂಗಳ ಆಗ್ಲಿ, ಕೂತ್ಕೊಳಿ ಯಜಮಾನ್ರೇ" ಎಂದರು ಪೂಜಾರಿ. ಕೂತ. ಭಾವ ಕಥೆಯನ್ನು ಬೇಕೆಂದೇ ಹಿಂಜಿದರು, ಹಾಡಿದರು, ಕುಣಿದರು. ಕೊನೆಗೆ ಚಿಟಿಕೆ ಎತ್ತಿ, "ಗುಟ್ಟಿನ ಓಟು ಬಂತಪ್ಪ! ಪರದೆ ಹಿಂದೆ ನೀನು, ನಿನ್ನ ಚೀಟಿ, ಅಷ್ಟೇ. ಗವರ್ನರೂ ಕಾಣ, ಅವರಪ್ಪನೂ ಕಾಣ!" ಎಂದರು. ಮೊದಲು ನಗು ಎದ್ದದ್ದು ಹೆಂಗಸರ ಕಡೆಯಿಂದ.

ನಂಜಪ್ಪ ಹೀನಾಯವಾಗಿ ಸೋತ. ಸಾಯುವತನಕ ಊರು ಅವನನ್ನು ಗವರ್ನರ್ ಎಂದೇ ಕರೆಯಿತು. ನನಗಂತೂ ಹಾಲು ಕುಡಿದಷ್ಟು ಸಂತೋಷ.

ಭಾವ ಮರುಮದುವೆಯಾಗದೆ ಚಿಂತಾಮಣಿಯಲ್ಲೇ ಉಳಿದರು. ಅವರು ಹಾಸಿಗೆ ಹಿಡಿದಾಗ ನೋಡಲು ಹೋದೆ. ಒಲೆ ಹಚ್ಚಿರಲಿಲ್ಲ, ಪಕ್ಕದ ಮನೆಯವರು ತಂದಿಟ್ಟ ಗಂಜಿ ಆರಿಹೋಗಿತ್ತು. ಸಮಾಧಾನಕ್ಕೆಂದು ಹೇಳಿದೆ: "ಏನೇ ಆಗ್ಲಿ ಭಾವ, ಸೇಡಂತೂ ತೀರ್ತು."

"ಎಲ್ಲಿ ತೀರ್ತಯ್ಯ? ಸೋತ ದಿನ ಅವ್ನು ಮನೆಗೆ ಹೋದ. ಹೆಂಡ್ತಿ ಬಾಗಿಲು ತೆಗೆದ್ಳು, ಕೈಗೆ ನೀರು ಕೊಟ್ಟು ಊಟಕ್ಕೆ ಬಡಿಸಿದ್ಳು" ಎಂದು ಭಾವ ಗೋಡೆಯ ಕಡೆ ತಿರುಗಿ ಮಲಗಿದರು.